ಕಪ್ಪಿನೊಳಗಿನ ಚುಕ್ಕಿ

2020ರ ಜುಲೈ ತಿಂಗಳು. ಶಾಲೆಗಳೆಲ್ಲ ಮುಚ್ಚಿ, ನಾವು ಟೀಚರುಗಳು ಮನೆಯ ಹಜಾರದಲ್ಲಿ ಕೂತು ಮೊಬೈಲಿನೊಳಗೆ ಪಾಠ ಹೇಳುತ್ತಿದ್ದ ಕಾಲ. ನಮ್ಮ ಎಂಟನೇ ತರಗತಿಯ ವಾಟ್ಸಾಪ್ ಗುಂಪಿಗೆ ಒಂದು ಮಧ್ಯಾಹ್ನ ಯಾವುದೋ ಹುಡುಗಿ ಒಂದು ಚಿತ್ರ ಕಳಿಸಿದಳು. ನೀವೂ ನೋಡಿರುತ್ತೀರಿ, ಆ ದಿನಗಳಲ್ಲಿ ಅದು ಎಲ್ಲರ ಕೈಯಲ್ಲೂ ಓಡಾಡಿತು. ಕಬಿನಿಯ ಕಾಡಿನಲ್ಲಿ ಮಿಥುನ್ ಎಚ್. ಅವರು ತೆಗೆದ ಫೋಟೋ. ಒಂದು ಚುಕ್ಕಿ ಚಿರತೆ ನಿಂತು ನಮ್ಮನ್ನೇ ನೋಡುತ್ತಿದೆ. ಅದರ ಬೆನ್ನಿಗೇ ಅಂಟಿಕೊಂಡಂತೆ, ಅದರ ನೆರಳೇ ಎದ್ದು ನಿಂತಿದೆಯೋ ಎನ್ನುವ ಹಾಗೆ, ಒಂದು ಕರಿಚಿರತೆ. ಈ ಒಂದು ಗಳಿಗೆಗಾಗಿ ಅವರು ಆರು ದಿನ ಕಾದಿದ್ದರಂತೆ. ಕರಿಯದು ಗಂಡು, ಹೆಸರು ಸಾಯಾ, ಅಂದರೆ ನೆರಳು. ಚುಕ್ಕಿಯದು ಹೆಣ್ಣು, ಕ್ಲಿಯೋಪಾತ್ರ.

ಚಿತ್ರದ ಕೆಳಗೆ ಮಕ್ಕಳ ಮಾತು ಶುರುವಾಯಿತು. ಒಬ್ಬಳು ಬರೆದಳು: "ಮಿಸ್, ಚುಕ್ಕಿ ಚಿರತೆ ಅಷ್ಟು ಚೆಂದ ಇದೆ. ಆ ಕರಿಯನ್ನ ಹೇಗೆ ಒಪ್ಕೊಂಡ್ತು?"

ನಗುವ ಮುಖಗಳ ಸಾಲೇ ಬಂತು. ನಾನು "ಹಾಗೆಲ್ಲ ಮಾತಾಡಬಾರದು, ಗಾದೆ ವಿಸ್ತರಣೆ ಬರೆದು ಕಳಿಸಿ" ಎಂದು ಗದರಿಸಿ ಫೋನು ಮುಚ್ಚಿಟ್ಟೆ. ಆದರೆ ಆ ಹನ್ನೆರಡು ಹದಿಮೂರರ ಹುಡುಗಿಯ ಬಾಯಲ್ಲಿ 'ಒಪ್ಪುವುದು' ಎನ್ನುವ ಮಾತು ಎಲ್ಲಿಂದ ಬಂತು ಹೇಳಿ. ಅದು ಕಾಡಿನ ಮಾತಲ್ಲ. ನಮ್ಮ ನಡುಮನೆಯದು. ಚಾಪೆ ಹಾಸಿ, ಉಪ್ಪಿಟ್ಟು ಕೇಸರಿಬಾತು ಇಟ್ಟು, "ಹುಡುಗಿಯನ್ನು ಒಪ್ಪಿದರಾ?" ಎಂದು ದಲ್ಲಾಳಿಯನ್ನು ಕೇಳುವ ಮನೆಯ ಮಾತು. ಆ ಮನೆಯನ್ನು ನಾನು ಚೆನ್ನಾಗಿ ಬಲ್ಲೆ.

ನಮ್ಮ ತಂದೆ ಹುಣಸೂರಿನಲ್ಲಿ ತಂಬಾಕು ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದರು. ನಾವು ಇಬ್ಬರು ಹೆಣ್ಣುಮಕ್ಕಳು. ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅಕ್ಕ ಕಪ್ಪು, ನಾನು ಬಿಳುಪು. ಹೀಗೆ ನೇರವಾಗಿ ಬರೆದುಬಿಟ್ಟರೆ ಎಷ್ಟು ಹಗುರ! ನಮ್ಮ ಮನೆಯಲ್ಲಿ ಯಾರೂ ಹೀಗೆ ಹೇಳುತ್ತಿರಲಿಲ್ಲ. ಅಮ್ಮ 'ಎಣ್ಣೆಗಪ್ಪು' ಅನ್ನುತ್ತಿದ್ದಳು, ಅಜ್ಜಿ 'ಕೃಷ್ಣವರ್ಣ' ಅನ್ನುತ್ತಿದ್ದರು, ಜಾತಕದ ಜೊತೆ ಕಳಿಸುವ ಚೀಟಿಯಲ್ಲಿ ಅಪ್ಪ 'ಗೋಧಿ ಬಣ್ಣ' ಎಂದು ಬರೆಯುತ್ತಿದ್ದರು. ಬಂದವರು ಮಾತ್ರ "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂದು ಹೇಳಿ ಹೋಗುತ್ತಿದ್ದರು. ಆ 'ಆದರೂ' ಎನ್ನುವುದನ್ನು ವ್ಯಾಕರಣದಲ್ಲಿ ನಾನು ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಅದು ಕೈಯಲ್ಲಿ ಕೊಟ್ಟಂತೆ ಮಾಡಿ ಕಿತ್ತುಕೊಳ್ಳುವ ಶಬ್ದ.

1993ರಲ್ಲಿ ಒಂದು ಭಾನುವಾರ ಅಕ್ಕನನ್ನು ನೋಡಲು ಮೈಸೂರಿನಿಂದ ಬಂದರು. ಅಕ್ಕನಿಗೆ ಇಪ್ಪತ್ತಾರು. ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಳು. ನನಗೆ ಇಪ್ಪತ್ತಮೂರು, ಬಿ.ಎಡ್. ಓದುತ್ತಿದ್ದೆ. "ನೀನು ಹೊರಗೆ ಬರಬೇಡ" ಎಂದು ಅಮ್ಮ ಬೆಳಿಗ್ಗೆಯೇ ಹೇಳಿದ್ದಳು. ಹೆಣ್ಣುಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಕ್ಕ ಕಾಫಿ ತೆಗೆದುಕೊಂಡು ಹೋದಳು. ನಾನು ಒಳಗೆ ಕೂತಿದ್ದೆ. ಆಮೇಲೆ ಸಕ್ಕರೆ ಸಾಲದೇನೋ ಅನ್ನಿಸಿ ಸಕ್ಕರೆ ಡಬ್ಬಿ ಹಿಡಿದುಕೊಂಡು ನಡುಮನೆಗೆ ಹೋದೆ.

ವಾರದ ನಂತರ ಕಾಗದ ಬಂತು. ಚಿಕ್ಕವಳಾದರೆ ನಮ್ಮ ಒಪ್ಪಿಗೆ ಇದೆ, ಎಂದು.

ಅಪ್ಪ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಕೊನೆಗೆ ಒಬ್ಬಳದಾದರೂ ಆಗಲಿ ಎಂದರು. ಮದುವೆಯಾಯಿತು. ನಮ್ಮ ಮನೆಯವರು ಒಳ್ಳೆಯವರೇ. ಆಯ್ಕೆ ಮಾಡಿದ್ದು ಅವರ ತಾಯಿ; ಅವರೂ ಈಗಿಲ್ಲ. ಅಕ್ಕನ ಬಾಳು ಹಾಳಾಯಿತು ಎಂದೇನೂ ನೀವು ತಿಳಿಯಬೇಡಿ. 1999ರಲ್ಲಿ ಅವಳಿಗೂ ಮದುವೆಯಾಯಿತು, ಮಗ ಇದ್ದಾನೆ, ಆಸ್ಪತ್ರೆಯಲ್ಲಿ 'ಸಿಸ್ಟರಮ್ಮ' ಎಂದರೆ ರೋಗಿಗಳಿಗೆ ಅರ್ಧ ಜ್ವರ ಇಳಿಯುತ್ತದೆ. ಆದರೆ ಆ ಆರು ವರ್ಷಗಳಲ್ಲಿ ಹನ್ನೊಂದು ಸಲ ಅವಳು ಕಾಫಿ ತಟ್ಟೆ ಹಿಡಿದು ನಡುಮನೆಗೆ ಹೋದಳು. ಆ ಲೆಕ್ಕ ನನ್ನಲ್ಲಿದೆ. ಅವಳಲ್ಲಿ ಇದೆಯೋ ಇಲ್ಲವೋ ನಾನು ಕೇಳಿಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರ ಹೇಳಲಾಗದೆ ಗದರಿಸಿದೆನಲ್ಲ, ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ನಾನು ವಿಜ್ಞಾನ ಓದಿದವಳಲ್ಲ. ನಮ್ಮ ಶಾಲೆಯ ವಿಜ್ಞಾನದ ಟೀಚರಿಗೆ ಫೋನು ಮಾಡಿದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದರೆ ಅದು ನಮ್ಮ ಮನೆಯ ಕಥೆಯ ಹತ್ತಿರಕ್ಕೇ ಬಂದು ನಿಲ್ಲುವುದೇ!

ಮೊದಲನೆಯದಾಗಿ, ಕರಿಚಿರತೆ ಎನ್ನುವ ಬೇರೆ ಜಾತಿಯೇ ಇಲ್ಲ. ನಮ್ಮ ಕಡೆಯ ಕರಿಚಿರತೆ ಎಂದರೆ ಚಿರತೆಯೇ. ದಕ್ಷಿಣ ಅಮೆರಿಕದಲ್ಲಿ ಬ್ಲ್ಯಾಕ್ ಪ್ಯಾಂಥರ್ ಎಂದರೆ ಅದು ಕಪ್ಪು ಜಾಗ್ವಾರ್. ಕಪ್ಪು ಸಿಂಹವನ್ನು ಕಂಡ ನಂಬುವಂಥ ದಾಖಲೆ ಎಲ್ಲೂ ಇಲ್ಲ. ಚಿರತೆಯಲ್ಲಿ ಈ ಕಪ್ಪು ಬರುವುದು ಒಂದೇ ಒಂದು ಜೀನಿನ ವ್ಯತ್ಯಾಸದಿಂದ. ಅದು ಅಡಗಿ ಕೂರುವ ಗುಣ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಸೇರಿದರೆ ಮಾತ್ರ ಮರಿ ಕಪ್ಪು. ಹಾಗಾಗಿ ಚಿನ್ನದ ಬಣ್ಣದ ಅಪ್ಪ, ಚಿನ್ನದ ಬಣ್ಣದ ಅಮ್ಮ, ಇಬ್ಬರೂ ಒಳಗೆ ಒಂದೊಂದು ಕಪ್ಪಿನ ಬೀಜ ಬಚ್ಚಿಟ್ಟುಕೊಂಡಿದ್ದರೆ ಅವರ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಕಪ್ಪಾಗಬಹುದು. ಚಿರತೆ ಒಂದು ಸೂಲಿಗೆ ಸಾಮಾನ್ಯವಾಗಿ ಎರಡು ಮೂರು ಮರಿ ಹಾಕುತ್ತದೆ. ಒಂದೇ ಸೂಲಿನಲ್ಲಿ ಒಂದು ಕಪ್ಪು, ಒಂದು ಚುಕ್ಕಿ. ಎರಡೂ ಒಂದೇ ಬಂಡೆಯ ಸಂದಿಯಲ್ಲಿ, ಒಂದೇ ಹೊಟ್ಟೆಗೆ ಮೂತಿ ಇಟ್ಟು ಹಾಲು ಕುಡಿಯುತ್ತವೆ. (ಮನುಷ್ಯರ ಬಣ್ಣ ಇಷ್ಟು ಸರಳ ಲೆಕ್ಕವಲ್ಲ, ಅದರಲ್ಲಿ ಹಲವು ಜೀನುಗಳ ಕೈವಾಡವಿದೆ ಎಂದು ನಮ್ಮ ವಿಜ್ಞಾನದ ಟೀಚರು ಎರಡು ಸಲ ಎಚ್ಚರಿಸಿದರು. ಅವರು ಹೀಗೆ ಎಚ್ಚರಿಸುವವರೇ.)

ಎರಡನೆಯ ಸಂಗತಿ ನನ್ನನ್ನು ಇನ್ನೂ ಹಿಡಿದು ನಿಲ್ಲಿಸಿತು. ಕರಿಚಿರತೆಯ ಮೈಮೇಲೆ ಚುಕ್ಕೆಗಳು ಇದ್ದೇ ಇರುತ್ತವೆ. ಅಳಿಸಿಹೋಗಿರುವುದಿಲ್ಲ. ಕಪ್ಪಿನ ಮೇಲೆ ಕಪ್ಪು, ಅಷ್ಟೆ. ಬಿಸಿಲು ಓರೆಯಾಗಿ ಬಿದ್ದರೆ ಕರಿ ರೇಷ್ಮೆ ಸೀರೆಯ ಒಡಲಿನ ಬುಟ್ಟಾ ಹೇಗೆ ಒಂದು ಕ್ಷಣ ಹೊಳೆದು ಮಾಯವಾಗುತ್ತದೋ ಹಾಗೆ ಕಾಣುತ್ತವೆ. 1894ರ 'ಜಂಗಲ್ ಬುಕ್'ನಲ್ಲಿ ಬಘೀರನನ್ನು ಸೃಷ್ಟಿಸಿದ ಕಿಪ್ಲಿಂಗನಿಗೂ ಇದು ಗೊತ್ತಿತ್ತು. ನಾವೆಲ್ಲ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬಘೀರನನ್ನು ನೋಡಿದೆವು, ಚುಕ್ಕಿ ಮಾತ್ರ ನೋಡಲಿಲ್ಲ.

ಮಲೇಷಿಯಾದ ಕಥೆ ಕೇಳಿ. ಅಲ್ಲಿನ ದಕ್ಷಿಣದ ಕಾಡುಗಳಲ್ಲಿ ಚಿರತೆಗಳು ಹೆಚ್ಚುಕಡಿಮೆ ಎಲ್ಲವೂ ಕಪ್ಪು. ನಮ್ಮಲ್ಲಿ ಕಪ್ಪು ಅಪರೂಪವಾದರೆ ಅಲ್ಲಿ ಚುಕ್ಕಿಯದೇ ಅಪರೂಪ. ಚಿರತೆಗಳನ್ನು ಎಣಿಸುವುದು ಅವುಗಳ ಚುಕ್ಕೆಗಳಿಂದ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ ಒಂದರ ಚುಕ್ಕಿ ಇನ್ನೊಂದಕ್ಕಿಲ್ಲ. ಎಲ್ಲವೂ ಕಪ್ಪಾದ ಮೇಲೆ ಕ್ಯಾಮೆರಾದಲ್ಲಿ ಬಂದದ್ದು ಒಂದೇ ಚಿರತೆಯೋ ಹತ್ತು ಚಿರತೆಯೋ ಹೇಳುವುದು ಹೇಗೆ? ಅಲ್ಲಿನ ಸಂಶೋಧಕರು ಒಂದು ಉಪಾಯ ಮಾಡಿದರು. ಕಾಡಿನಲ್ಲಿ ಕಟ್ಟಿದ ಕ್ಯಾಮೆರಾದ ಬೆಳಕು ಗ್ರಹಿಸುವ ಕಣ್ಣನ್ನು ಮುಚ್ಚಿಬಿಟ್ಟರು. ಕ್ಯಾಮೆರಾ ಹಗಲಲ್ಲೂ ಕತ್ತಲಾಗಿದೆ ಎಂದುಕೊಂಡು ಅವಗೆಂಪು ಬೆಳಕಿನಲ್ಲಿ ಚಿತ್ರ ತೆಗೆಯತೊಡಗಿತು. ನೋಡಿದರೆ ಪ್ರತಿಯೊಂದರ ಮೈಮೇಲೂ ಅದರದೇ ಚುಕ್ಕೆಗಳು! 2015ರಲ್ಲಿ ಇದರ ವರದಿ ಪ್ರಕಟವಾಯಿತು. ಅಲ್ಲಿಯವರೆಗೆ ಬರೀ 'ಕಪ್ಪು' ಆಗಿದ್ದವು ಅವತ್ತಿನಿಂದ ಇದು, ಅದು, ಮತ್ತೊಂದು ಎಂದು ಎಣಿಕೆಗೆ ಸಿಕ್ಕವು.

ಹುಣಸೂರಿನ ನಮ್ಮ ಬೀದಿಯಲ್ಲಿ ಅಕ್ಕನನ್ನು 'ಲೆಕ್ಕದವರ ಮನೆ ಕರೀ ಹುಡುಗಿ' ಎನ್ನುತ್ತಿದ್ದರು. ಅವಳು ಹಾರ್ಮೋನಿಯಂ ನುಡಿಸುತ್ತಿದ್ದಳು. ಅವಳಿಗೆ ಕತ್ತಲೆಂದರೆ ಭಯವಿರಲಿಲ್ಲ, ಜಿರಲೆಯೆಂದರೆ ಪ್ರಾಣ ಹೋಗುತ್ತಿತ್ತು. ಇವೆಲ್ಲ ಯಾರಿಗೆ ಗೊತ್ತಿತ್ತು!

ಗುಣದ ಮಾತಿಗೆ ಬರೋಣ. ಕರಿಚಿರತೆ ಹೆಚ್ಚು ಕ್ರೂರಿ, ಹೆಚ್ಚು ಕಪಟಿ ಎನ್ನುವ ಮಾತು ಹಳೆಯ ಬೇಟೆಗಾರರ ಕಾಲದಿಂದ ನಡೆದುಬಂದಿದೆ. ಅದಕ್ಕೆ ಆಧಾರವಿಲ್ಲ. ಕಪ್ಪಾದದ್ದೂ ಚಿರತೆ ಬಾಳುವಂತೆಯೇ ಬಾಳುತ್ತದೆ. ಒಂಟಿ ಜೀವ. ಇರುಳಲ್ಲಿ, ಮುಂಜಾವದಲ್ಲಿ, ಮುಸ್ಸಂಜೆಯಲ್ಲಿ ಓಡಾಟ. ಮರದ ಬುಡಕ್ಕೆ ಮೂತ್ರ ಚಿಮುಕಿಸಿ, ಉಗುರಿನಿಂದ ಕೆರೆದು ತನ್ನ ಸರಹದ್ದು ಗುರುತಿಸುತ್ತದೆ. ಜಿಂಕೆ, ಮುಸುವ, ಕಾಡುಹಂದಿಯ ಮರಿ, ಸಿಕ್ಕಿದರೆ ಊರ ನಾಯಿ. ಹುಲಿ ಮತ್ತು ಸೀಳುನಾಯಿ ಕಿತ್ತುಕೊಳ್ಳಬಾರದೆಂದು ತನ್ನಷ್ಟೇ ತೂಕದ ಬೇಟೆಯನ್ನು ಕಚ್ಚಿಕೊಂಡು ಮರ ಹತ್ತುವ ಕಸುವು. ದಟ್ಟವಾದ ನಿತ್ಯಹಸಿರು ಕಾಡಿನಲ್ಲಿ ಕಪ್ಪು ಅಡಗಲು ಅನುಕೂಲ ಎನ್ನುತ್ತಾರೆ. ನಮ್ಮ ದಾಂಡೇಲಿಯ ಕಡೆ ಕಾಣಿಸುವುದಕ್ಕೆ ಅದೂ ಒಂದು ಕಾರಣವಿರಬಹುದು. ನಾಗರಹೊಳೆಯದು ಎಲೆ ಉದುರುವ ಕಾಡು, ಬೇಸಿಗೆಯಲ್ಲಿ ಕಪ್ಪು ಅಲ್ಲಿ ಎದ್ದು ಕಾಣುತ್ತದೆ. ಆದರೂ ಸಾಯಾ ಅಲ್ಲಿ ತನ್ನ ಸೀಮೆ ಕಟ್ಟಿಕೊಂಡು ಬಾಳಿತು, ಜೊತೆ ಹುಡುಕಿಕೊಂಡಿತು. ನೋಡಿ, ಈ ವಾಕ್ಯದಲ್ಲೂ ಒಂದು 'ಆದರೂ' ನುಸುಳಿಬಿಟ್ಟಿದೆ.

ಒಂದು ವ್ಯತ್ಯಾಸ ಮಾತ್ರ ಉಂಟು. ಚುಕ್ಕಿ ಚಿರತೆಗೆ ಕಿವಿಯ ಹಿಂದೆ ಬಿಳಿ ಮಚ್ಚೆ, ಬಾಲದ ತುದಿಯ ಅಡಿಯಲ್ಲಿ ಬಿಳುಪು. ತಾಯಿ ಬಾಲ ಎತ್ತಿ ನಡೆದರೆ ಹುಲ್ಲಿನ ನಡುವೆ ಆ ಬಿಳುಪನ್ನು ನೋಡಿಕೊಂಡು ಮರಿಗಳು ಹಿಂದೆ ಬರುತ್ತವೆ ಎನ್ನುತ್ತಾರೆ. ಕರಿಯ ತಾಯಿಗೆ ಆ ಗುರುತು ಕಾಣಿಸದು. ಮಬ್ಬುಗತ್ತಲಲ್ಲಿ ತಮ್ಮವರೊಡನೆ ಸನ್ನೆ ಮಾಡಲು ಕರಿಯ ಚಿರತೆಗಳಿಗೆ ಇದರಿಂದ ತೊಡಕಾಗಬಹುದು ಎಂದು ಕೆಲವು ಸಂಶೋಧಕರ ಊಹೆ. ಆದರೆ ಕರಿಯ ತಾಯಂದಿರೂ ಮರಿಗಳನ್ನು ಬೆಳೆಸಿದ್ದಾರೆ. ವಾಸನೆ ಇದೆ, ಗುರುಗುಡುವ ದನಿ ಇದೆ. ಮರಿ ತಾಯಿಯನ್ನು ಕಣ್ಣಿನಿಂದ ಮಾತ್ರ ಗುರುತಿಸುವುದೆಂದು ಯಾರು ಹೇಳಿದರು?

ಇಲ್ಲಿಗೆ ಬಂದಾಗ ನನಗೆ ಪಾಠ ಸಿದ್ಧವಾಯಿತು ಅನ್ನಿಸಿತು. ನೋಡಿ ಮಕ್ಕಳೇ, ಪ್ರಾಣಿಗಳಲ್ಲಿ ಬಣ್ಣದ ಭೇದವಿಲ್ಲ, ಮನುಷ್ಯ ಅವುಗಳಿಂದ ಕಲಿಯಬೇಕು, ಹೀಗೆ. ಎಷ್ಟು ಸಲ ಇಂಥ ಪಾಠ ಮಾಡಿಲ್ಲ! ಇರುವೆಯಿಂದ ಶಿಸ್ತು, ನಾಯಿಯಿಂದ ನಿಷ್ಠೆ. ಆದರೆ ಓದಿದ್ದರಲ್ಲೇ ಇನ್ನೊಂದು ವಿಷಯವಿತ್ತು. ಗಂಡು ಚಿರತೆ ಬೇರೆ ಗಂಡಿಗೆ ಹುಟ್ಟಿದ ಮರಿಗಳನ್ನು ಕೊಂದುಬಿಡುವುದುಂಟು. ಅದನ್ನೂ ಕಲಿಯಬೇಕೇ? ಬೇಕಾದ್ದನ್ನು ಮಾತ್ರ ಆರಿಸಿಕೊಂಡು ಕಾಡನ್ನು ನೀತಿಪಾಠದ ಪುಸ್ತಕ ಮಾಡುವುದು ಪ್ರಾಮಾಣಿಕತೆಯಲ್ಲ. ಚಿರತೆ ಭೇದವೆಣಿಸದಿರುವುದು ಅದರ ಸದ್ಗುಣವಲ್ಲ, ಅದಕ್ಕೆ ಆ ಪ್ರಶ್ನೆಯೇ ಇಲ್ಲ. ಪ್ರಶ್ನೆ ಇರುವುದು ನಮಗೆ.

ಮತ್ತು ನಮ್ಮ ಮೆಚ್ಚುಗೆಯ ಬಗೆಗೂ ನನಗೆ ಅನುಮಾನ ಹುಟ್ಟಿತು. ನಾವೀಗ ಕರಿಚಿರತೆಯನ್ನು ಹಳಿಯುವುದಿಲ್ಲ, ತಲೆಯ ಮೇಲೆ ಹೊರುತ್ತೇವೆ. ಸಿನಿಮಾ ಮಾಡುತ್ತೇವೆ, ಅದನ್ನು ಕಾಣಲು ಸಾವಿರಾರು ರೂಪಾಯಿ ಕೊಟ್ಟು ಕಾಡಿಗೆ ಹೋಗುತ್ತೇವೆ. ಇದು ಬಣ್ಣದ ಆಚೆಗೆ ನೋಡಿದ್ದೋ, ಬಣ್ಣದ ಹತ್ತಿರವೇ ನಿಂತದ್ದೋ? ಒಡಿಶಾದ ಸಿಮಿಲಿಪಾಲಿನಲ್ಲಿ ಕಪ್ಪು ಹುಲಿಗಳಿವೆ. ಅವು ಪೂರ್ತಿ ಕಪ್ಪಲ್ಲ, ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಂಡಿವೆ. 2021ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಉಮಾ ರಾಮಕೃಷ್ಣನ್ ಮತ್ತು ಅವರ ತಂಡ ಅದರ ಕಾರಣ ಹುಡುಕಿತು. ಅದೂ ಒಂದೇ ಜೀನಿನ ಕೆಲಸ. ಆಗ ಅಲ್ಲಿನ ಹುಲಿಗಳಲ್ಲಿ ಸುಮಾರು ಶೇಕಡ 37ರಷ್ಟು ಹೀಗಿದ್ದವಂತೆ. ಏಕೆಂದರೆ ಬೇರೆ ಕಾಡುಗಳ ಹುಲಿಗಳೊಡನೆ ಸಂಪರ್ಕ ಕಡಿದು, ಕೆಲವೇ ಹುಲಿಗಳು ತಮ್ಮತಮ್ಮಲ್ಲೇ ಕೂಡಿ ಬೆಳೆದ ಸಂಸಾರ ಅದು. ನಾವು 'ಆಹಾ ಎಂಥ ಅಪರೂಪ' ಎಂದು ಬೆರಗಾಗುವುದು ಆ ಹುಲಿಗಳ ಒಂಟಿತನದ ಗುರುತು. ಮೆಚ್ಚುವ ಕಣ್ಣಿಗೂ ಅದು ಕಾಣಲಿಲ್ಲ.

ಇನ್ನು ನನ್ನ ಪ್ರಶ್ನೆ. ನನ್ನ ಬಿಳುಪು ನಾನು ದುಡಿದದ್ದಲ್ಲ, ಅಕ್ಕನ ಕಪ್ಪು ಅವಳ ತಪ್ಪಲ್ಲ. ಆರಿಸಿದ್ದು ಅತ್ತೆ, ಒಪ್ಪಿದ್ದು ಅಪ್ಪ. ನಾನು ಯಾರಿಗೂ ಏನೂ ಮಾಡಲಿಲ್ಲ. ಅನ್ಯಾಯವನ್ನು ನಾನು ಮಾಡದೆ ಅದರ ಫಲವನ್ನು ಮಾತ್ರ ಉಂಡರೆ ಅದು ನನ್ನ ತಪ್ಪಾಗುತ್ತದೆಯೇ? ಈ ಪ್ರಶ್ನೆಯನ್ನು ಹೀಗೆ ಇಟ್ಟುಕೊಂಡು ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ. ಹೀಗೆ ಇಟ್ಟರೆ ಉತ್ತರ ಯಾವಾಗಲೂ ನನ್ನ ಕಡೆಗೇ ಬರುತ್ತದೆ.

ಆದರೆ ಪ್ರಶ್ನೆ ಹಾಗಿಲ್ಲ. ಸಕ್ಕರೆ ಸಾಲದೇನೋ ಅನ್ನಿಸಿತು ಎಂದು ಮೇಲೆ ಬರೆದೆನಲ್ಲ. ಅವತ್ತು ಬಂದವರು ಬಾಗಿಲು ದಾಟುವ ಮೊದಲೇ ನಾನು ಅಮ್ಮನ ನಿಂಬೆಹಳದಿ ಸೀರೆ ಉಟ್ಟುಕೊಂಡಿದ್ದೆ. ಒಳಕೋಣೆಯಲ್ಲಿ ಕೂರುವವಳಿಗೆ ನಿಂಬೆಹಳದಿ ಸೀರೆ ಯಾಕೆ? ಮುಖಕ್ಕೆ ಪೌಡರು ಯಾಕೆ? ಕಾಗದ ಬಂದ ದಿನ ಅಕ್ಕ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಅತ್ತೆ. ಅತ್ತದ್ದು ನಿಜ. ಒಳಗೊಳಗೆ ಸಂತೋಷವಾದದ್ದೂ ನಿಜ. ಇದನ್ನು ಬರೆಯಲು ನನಗೆ ಮೂವತ್ತು ವರ್ಷ ಬೇಕಾಯಿತು.

2023ರ ಏಪ್ರಿಲ್‌ನಲ್ಲಿ ಅಕ್ಕನ ಮಗ ನಮ್ಮಿಬ್ಬರನ್ನು ಕಬಿನಿಗೆ ಕರೆದುಕೊಂಡು ಹೋದ. ಹೆಗ್ಗಡದೇವನಕೋಟೆ ದಾಟಿ, ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ವಾಹನ ಹತ್ತಿದೆವು. ಬೇಸಿಗೆಯಾದ್ದರಿಂದ ಹಿನ್ನೀರು ಹಿಂದೆ ಸರಿದು ಹಸಿರು ಹುಲ್ಲು ಎದ್ದಿತ್ತು, ಅದರ ತುಂಬ ಆನೆಗಳು. ನಮ್ಮ ವಾಹನದಲ್ಲಿದ್ದವರಿಗೆ ಆನೆ ಬೇಕಾಗಿರಲಿಲ್ಲ. "ಬ್ಲ್ಯಾಕ್ ಪ್ಯಾಂಥರ್ ಕಾಣುತ್ತಾ?" ಎಂದು ಡ್ರೈವರನ್ನು ಕೇಳಿ ಕೇಳಿ ಸುಸ್ತು ಮಾಡಿದರು.

ಐದೂವರೆಯ ಹೊತ್ತಿಗೆ ಗಾಡಿ ನಿಂತಿತು. ಒಂದು ಮತ್ತಿ ಮರದ ಕೊಂಬೆಯ ಮೇಲೆ ಚಿರತೆ. ಚುಕ್ಕಿಯದು. ನಾಲ್ಕು ಕಾಲನ್ನೂ ಇಳಿಬಿಟ್ಟು, ಊಟವಾದ ಮೇಲೆ ಜಗುಲಿಯಲ್ಲಿ ಮಲಗಿದವರಂತೆ ಮಲಗಿತ್ತು. ಬಾಲ ಕೆಳಗೆ ಜೋತುಬಿದ್ದು ಅದರ ತುದಿಯ ಬಿಳುಪು ಮೆಲ್ಲಗೆ ಆಡುತ್ತಿತ್ತು. ಎರಡು ಮೂರು ಫೋಟೋ ತೆಗೆದುಕೊಂಡು ಮುಂದಿನ ಸೀಟಿನವರು "ಓ, ಬರೀ ಚಿರತೆ. ಹೊರಡಿ ಹೊರಡಿ, ಕತ್ತಲಾಗುತ್ತೆ" ಎಂದರು. 2022ರ ಗಣತಿಯಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ ಎಂದು ಅಂದಾಜು. ಅವುಗಳಲ್ಲಿ ಎಷ್ಟೋ ಕಬ್ಬಿನ ಗದ್ದೆಯಲ್ಲಿ ಮರಿ ಹಾಕಿ, ರಸ್ತೆ ದಾಟುವಾಗ ಸತ್ತು, ಬೋನಿಗೆ ಬಿದ್ದು ಬದುಕುವಂಥವು. ಅವನ್ನು ನೋಡಲು ಯಾರೂ ಆರು ದಿನ ಕಾಯುವುದಿಲ್ಲ.

"ಇದಕ್ಕೇನು ಕಮ್ಮಿ ಆಗಿದೆ ಅಂತ?" ಎಂದಳು ಅಕ್ಕ. ಅವಳು ಅಷ್ಟೇ ಅಂದದ್ದು. ಗಾಡಿ ಹೊರಟ ಮೇಲೂ ಕತ್ತು ತಿರುಗಿಸಿ ಮರವನ್ನೇ ನೋಡುತ್ತಿದ್ದಳು.

ಕರಿಯದು ಕಾಣಿಸಲಿಲ್ಲ. ಬರುವಾಗ ಪೂರ್ತಿ ಕತ್ತಲು. ಅವಳ ಮಗ ಗಾಡಿ ಓಡಿಸುತ್ತಿದ್ದ, ನಾವಿಬ್ಬರೂ ಹಿಂದಿನ ಸೀಟಿನಲ್ಲಿ. ಚಿರತೆಯ ಬಗ್ಗೆ ಓದಿದ್ದನ್ನೆಲ್ಲ ಅವಳಿಗೆ ಹೇಳುತ್ತಾ ಬಂದೆ. ಅಡಗಿ ಕೂರುವ ಜೀನು, ಒಂದೇ ಸೂಲಿನ ಎರಡು ಮರಿ, ಮಲೇಷಿಯಾದ ಕ್ಯಾಮೆರಾ. ಅವಳು "ಹೌದಾ, ಹೌದಾ" ಎನ್ನುತ್ತಾ ಕೇಳಿದಳು. ಇನ್ನೇನು ಹೇಳಿಯೇಬಿಡಬೇಕು ಎಂದು ಬಾಯಿ ತೆರೆದೆ. "ಅಕ್ಕ, ಅವತ್ತು..." ಎಂದೆ.

"ಕಾಫಿಗೆ ನಾನು ಸಕ್ಕರೆ ಹಾಕೇ ತಂದಿದ್ದೆ ಕಣೇ" ಎಂದಳು ಅಕ್ಕ. ದನಿಯಲ್ಲಿ ಏನೂ ಇರಲಿಲ್ಲ.

ಆಮೇಲೆ ಡಬ್ಬಿ ತೆಗೆದು, "ಎರಡು ಕೋಡುಬಳೆ ಉಳಿದಿದೆ, ತಗೋ" ಎಂದು ಕತ್ತಲಲ್ಲೇ ನನ್ನ ಕೈ ಹುಡುಕಿ ಒಂದನ್ನು ಇಟ್ಟಳು.